ಇಪ್ಪತ್ತೊಂಬತ್ತಕ್ಕೆ ಒಂದೇ ಮಹಡಿ

“ಪುಟ್ಟೀ, ನೀನು ಇಷ್ಟೆಲ್ಲ ಓದಿದೀಯಲ್ಲ, ಒಂದು ಹೇಳು. ಸೂರ್ಯ ಪಶ್ಚಿಮದಲ್ಲಿ ಹುಟ್ಟೋಕೆ ಯಾವಾಗಿಂದ ಶುರು ಮಾಡಿದ?”

ಅಕ್ಕ ಫೋನಿನಲ್ಲಿ ಹೀಗೆ ಕೇಳಿದಾಗ ಬೆಳಗಿನ ಒಂಬತ್ತೂವರೆ. ತಂಗಿ ಆಗಷ್ಟೇ ಕಚೇರಿಗೆ ಬಂದು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಚಹಾದ ಲೋಟ ಇಡಲು ಮೇಜಿನ ಮೇಲೆ ಜಾಗ ಮಾಡುತ್ತಿದ್ದಳು. ಅವಳಿಗೆ ನಗು ಬಂತು.

“ಯಾಕಕ್ಕಾ, ಏನಾಯ್ತು?”

“ನಿಮ್ಮ ಭಾವನ ಕೋಣೆ ಕಿಟಕಿ ಇರೋದು ಪಶ್ಚಿಮಕ್ಕೆ ತಾನೆ? ಸಂಜೆ ಬಿಸಿಲು ಬಂದ್ರೆ ಬರಲಿ, ಅದು ಅದರ ಪಾಳಿ. ನಾಲ್ಕು ದಿನದಿಂದ ಬೆಳಗ್ಗೆ ಒಂಬತ್ತಕ್ಕೆಲ್ಲ ಅದೇ ಕಿಟಕಿಯಿಂದ ಒಳಗೆ ನುಗ್ಗುತ್ತೆ. ಹನ್ನೊಂದರವರೆಗೂ ಕದಲೋದಿಲ್ಲ. ದಿಕ್ಕು ತಪ್ಪಿರೋದು ನನಗೋ, ಸೂರ್ಯನಿಗೋ?”

ತಂಗಿಯ ನಗು ಅರ್ಧಕ್ಕೆ ನಿಂತಿತು.

“ಎದುರಿಗಿನ ಆಫೀಸು ಕಟ್ಟಡದ ಕೆಲಸ ಮುಗೀತಾ?”

“ಹೊರಗೆ ಹೊದಿಸಿದ್ದ ಹಸಿರು ಬಲೆ ಎಲ್ಲ ಹೋದ ವಾರ ಬಿಚ್ಚಿದ್ರು. ಕೆಳಗಿಂದ ಮೇಲಿನವರೆಗೂ ಬರೀ ಗಾಜು. ನಿಂತು ತಲೆ ಬಾಚ್ಕೋಬಹುದು, ಅಷ್ಟು ಹೊಳೆಯುತ್ತೆ.”

“ಅದೇ ಅದು. ಆ ಗಾಜಿಗೆ ಬಿದ್ದ ಬಿಸಿಲು ತಿರುಗಿ ನಿಮ್ಮ ಕಿಟಕಿಗೆ ಬೀಳ್ತಿದೆ. ಪರದೆ ಎಳೆದಿಡು. ಭಾನುವಾರ ಬಂದು ನೋಡ್ತೀನಿ.”

“ಬಾ ಬಾ. ನೀನು ‘ಭಾನುವಾರ’ ಅಂದ್ರೆ ಯಾವ ತಿಂಗಳ ಭಾನುವಾರ ಅಂತ ಕೇಳ್ಕೋಬೇಕು,” ಎಂದು ಅಕ್ಕ ನಗುತ್ತಲೇ ಫೋನಿಟ್ಟಳು.

ಆ ಭಾನುವಾರ ತಂಗಿ ಹೋಗಲಿಲ್ಲ. ನಲವತ್ತೊಂದು ಮಹಡಿಯ ಬೇರೊಂದು ಗೋಪುರದ ಕಡತ ಸಲ್ಲಿಸುವ ಗಡುವು ಕುತ್ತಿಗೆಗೆ ಬಂದಿತ್ತು. ಮುಂದಿನ ಭಾನುವಾರವೂ ಹೋಗಲಾಗಲಿಲ್ಲ. ಪರದೆ ಎಳೆಯಲು ಹೇಳಿದ್ದೇನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೂ ಕೆಲಸದ ನಡುವೆ ಒಮ್ಮೊಮ್ಮೆ ಕೈ ತಾನಾಗಿ ನಿಲ್ಲುತ್ತಿತ್ತು. ಅಕ್ಕ ಹೇಳಿದ್ದು ಅವಳಿಗೆ ಹೊಸ ಸುದ್ದಿಯಾಗಿರಲಿಲ್ಲ. ಆ ಗಾಜಿನ ವಿಷಯ ಅವಳಿಗೆ ನಾಲ್ಕು ವರ್ಷದ ಹಿಂದೆಯೇ ಗೊತ್ತಿತ್ತು.

ಕಚೇರಿಯಲ್ಲಿ ಅವಳಿಗೆ ‘ಕತ್ತರಿ’ ಎಂದು ಹೆಸರು. ಹಸಿರು ಕಟ್ಟಡ ಎಂಬ ಪ್ರಮಾಣಪತ್ರ ಬೇಕಾದವರು, ತಮ್ಮ ಗೋಪುರ ಅದೇ ಗಾತ್ರದ ಸಾಮಾನ್ಯ ಕಟ್ಟಡಕ್ಕಿಂತ ಕಡಿಮೆ ವಿದ್ಯುತ್ ಬಳಸುತ್ತದೆಂದು ಮೊದಲೇ ತೋರಿಸಿಕೊಡಬೇಕು. ಅದಕ್ಕಾಗಿ ಕಟ್ಟಡವನ್ನು ಕಟ್ಟುವ ಮುಂಚೆಯೇ ಕಂಪ್ಯೂಟರಿನೊಳಗೆ ಒಮ್ಮೆ ಕಟ್ಟುತ್ತಾರೆ. ಗೋಡೆ, ಕಿಟಕಿ, ದೀಪ, ಏಸಿ, ಜನ, ಎಲ್ಲವನ್ನೂ ಇಟ್ಟು, ವರ್ಷದ ಪ್ರತಿ ಗಂಟೆಗೂ ಸೂರ್ಯನನ್ನು ಅದರ ಮೇಲೆ ಹಾಯಿಸಿ ನೋಡುತ್ತಾರೆ. ವಾಸ್ತುಶಿಲ್ಪಿಗಳು ಕಳಿಸುವ ನಕ್ಷೆಯಲ್ಲಾದರೋ ಬಾಲ್ಕನಿಯ ಕಂಬಿ ಕಂಬಿಯೂ ಇರುತ್ತದೆ. ಅದನ್ನು ಹಾಗೇ ತಿನ್ನಿಸಿದರೆ ಕಂಪ್ಯೂಟರ್ ಎರಡು ದಿನ ಅಗಿದು, ಮೂರನೇ ದಿನ ಉಗಿದುಬಿಡುತ್ತದೆ. ಹಾಗಾಗಿ ಬೇಡದ್ದನ್ನು ಕತ್ತರಿಸಬೇಕು. ಏನನ್ನು ತೆಗೆದರೆ ಉತ್ತರ ಕೆಡುವುದಿಲ್ಲ ಎಂಬುದು ತಿಳಿದಿರಬೇಕು. ಆ ಕೆಲಸದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಎರಡು ದಿನದ ಲೆಕ್ಕವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ, ಉತ್ತರದಲ್ಲಿ ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಬಾರದಂತೆ ನೋಡಿಕೊಳ್ಳುತ್ತಿದ್ದಳು.

ಈಗ ಅಕ್ಕ ಇರುವ ಗೋಪುರವನ್ನೂ ಹೀಗೆ ಇಳಿಸಿದ್ದು ಅವಳೇ. ಮೂವತ್ತನಾಲ್ಕು ಮಹಡಿ. ನಾಲ್ಕರಿಂದ ಮೂವತ್ತೆರಡರವರೆಗೆ ಇಪ್ಪತ್ತೊಂಬತ್ತು ಮಹಡಿಗಳು ಒಂದರ ಪಡಿಯಚ್ಚು ಇನ್ನೊಂದು. ಒಂದನ್ನು ಉಳಿಸಿಕೊಂಡು ಇಪ್ಪತ್ತೊಂಬತ್ತರಿಂದ ಗುಣಿಸಿದಳು. ಮಹಡಿಗೆ ಎಂಟು ಮನೆ, ಮೂವತ್ತೆಂಟು ಕೋಣೆ. ಅವನ್ನೆಲ್ಲ ಕರಗಿಸಿ ದಿಕ್ಕಿಗೊಂದರಂತೆ ನಾಲ್ಕು ದೊಡ್ಡ ಕೋಣೆ ಮಾಡಿದಳು. ಎದುರಿನ ನಿವೇಶನದಲ್ಲಿ ಬರಲಿದ್ದ ಆಫೀಸು ಕಟ್ಟಡದ ನಕ್ಷೆ ಆಗಲೇ ಮಂಜೂರಾಗಿತ್ತು. ಅದನ್ನೂ ಒಂದು ಮಂಕು ಬಣ್ಣದ ಪೆಟ್ಟಿಗೆಯಾಗಿ ಪಕ್ಕದಲ್ಲಿ ನಿಲ್ಲಿಸಿದಳು. ನಿಯಮ ಅಷ್ಟನ್ನೇ ಕೇಳುತ್ತಿತ್ತು. ಪೆಟ್ಟಿಗೆ ನೆರಳು ಕೊಟ್ಟಿತು. ನೆರಳಿನ ಲಾಭ ಲೆಕ್ಕಕ್ಕೆ ಬಂತು.

ಆದರೆ ಅವಳು ಅಚ್ಚುಕಟ್ಟಿನ ಹೆಂಗಸು. ಆ ಕಟ್ಟಡ ಈ ಗೋಪುರದ ಕಡೆಗೆ ಪೂರ್ತಿ ಗಾಜು, ಅದೂ ತುಸು ಒಳಬಾಗಿದ ಗಾಜು ಎಂಬುದನ್ನು ನಕ್ಷೆಯಲ್ಲಿ ನೋಡಿದ್ದಳು. ಮನಸ್ಸು ಕೇಳದೆ ಒಂದೇ ಒಂದು ಮಹಡಿಯನ್ನು, ಒಂದೇ ಒಂದು ಸಲ, ಕೋಣೆ ಕೋಣೆ ಬಿಡಿಸಿ, ಗಾಜಿನಿಂದ ಮರಳಿ ಬರುವ ಬಿಸಿಲನ್ನೂ ಸೇರಿಸಿ ಓಡಿಸಿ ನೋಡಿದಳು. ಒಂಬತ್ತು ಗಂಟೆ ಹಿಡಿಯಿತು. ಇಡೀ ಕಟ್ಟಡದ ವರ್ಷದ ಲೆಕ್ಕಕ್ಕೆ ಹಚ್ಚಿದರೆ ವ್ಯತ್ಯಾಸ ಸಾವಿರಕ್ಕೆ ಮೂರು. ಅದೇ ಪಟ್ಟಿಯ ಕೆಳಗೆ ಪಶ್ಚಿಮದ ಮೂಲೆಯ ಚಿಕ್ಕ ಕೋಣೆಯದೊಂದು ಸಾಲಿತ್ತು: ಏಸಿ ಇಲ್ಲದಿದ್ದರೆ ಮೂವತ್ತೈದು ಡಿಗ್ರಿ ಮೀರುವ ಗಂಟೆಗಳು, ವರ್ಷಕ್ಕೆ ಆರುನೂರ ಹನ್ನೊಂದು. ಅದನ್ನು ನೋಡಿ ಅವಳ ಹುಬ್ಬು ಒಂದು ಕ್ಷಣ ಮೇಲೇರಿತ್ತು. ಪ್ರಮಾಣಪತ್ರ ಕೊಡುವವರು ಇದನ್ನು ಕೇಳಿರಲಿಲ್ಲ. ಸಾವಿರಕ್ಕೆ ಮೂರು ಎಂದರೆ ಏನೂ ಅಲ್ಲ. ಕಡತ ಮುಚ್ಚಿ, ಪೆಟ್ಟಿಗೆಯನ್ನು ಪೆಟ್ಟಿಗೆಯಾಗಿಯೇ ಬಿಟ್ಟು ಮುಂದೆ ಹೋದಳು. ಗೋಪುರಕ್ಕೆ ಎರಡನೇ ಅತ್ಯುನ್ನತ ದರ್ಜೆ ಸಿಕ್ಕಿತು. ಕಚೇರಿಯಲ್ಲಿ ಕೇಕು ಕತ್ತರಿಸಿದರು, ಅದನ್ನೂ ಕತ್ತರಿಯ ಕೈಯಲ್ಲೇ.

ಅಕ್ಕನಿಗೂ ಅವಳಿಗೂ ಹದಿನಾಲ್ಕು ವರ್ಷದ ಅಂತರ. ಅವಳಿಗೆ ಒಂಬತ್ತು ತುಂಬುವ ಮೊದಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಮದುವೆಯಾಗಿ ವರ್ಷವೂ ಕಳೆದಿರದ ಅಕ್ಕ ತಂಗಿಯ ಕೈಹಿಡಿದು ತನ್ನ ಎರಡು ಕೋಣೆಯ ಬಾಡಿಗೆ ಮನೆಗೆ ಕರೆತಂದಾಗ ಭಾವ ಕೇಳಿದ್ದು ಒಂದೇ ಪ್ರಶ್ನೆ: “ಇವಳಿಗೆ ಮಲಗೋಕೆ ಗೋಡೆ ಕಡೆ ಬೇಕೋ, ಈ ಕಡೆ ಬೇಕೋ?” ಆಮೇಲೆ ಆ ವಿಷಯ ಆ ಮನೆಯಲ್ಲಿ ಯಾವತ್ತೂ ಮಾತಿಗೆ ಬರಲಿಲ್ಲ. ಅಕ್ಕ ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ಭಾವ ಲಿಫ್ಟ್ ರಿಪೇರಿಯವರು. ನಲವತ್ತು ವರ್ಷ ಲಿಫ್ಟ್ ಹತ್ತಿಳಿಯುವ ಕತ್ತಲೆಯ ಬಾವಿಗಳಲ್ಲಿ, ತಂತಿ ಹಗ್ಗದ ಗ್ರೀಸು ಬಳಿದುಕೊಂಡು ಕಳೆದವರು. “ಊರವರನ್ನೆಲ್ಲ ಮೇಲೆ ಹತ್ತಿಸಿದ್ದಾಯ್ತು, ನಾನು ಮಾತ್ರ ಗುಂಡೀಲೇ ಉಳಿದೆ,” ಎನ್ನುವುದು ಅವರ ಹಳೆಯ ತಮಾಷೆ. ನಿವೃತ್ತಿಯಾದ ಮೇಲೆ ಎತ್ತರದಲ್ಲಿ ಮನೆ ಮಾಡಬೇಕೆಂದು ಹಟ ಹಿಡಿದರು. ತಂಗಿ ಲೆಕ್ಕ ಹಾಕಿದ ಗೋಪುರ ಅಷ್ಟರಲ್ಲಿ ಎದ್ದು ನಿಂತಿತ್ತು.

“ಇಪ್ಪತ್ತಾರನೇ ಮಹಡೀಲಿ ಎರಡು ಮನೆ ಖಾಲಿ ಇದೆಯಂತೆ,” ಎಂದು ಅಕ್ಕ ಕೇಳಿದ್ದಳು. “ಒಂದು ಉತ್ತರದ ಕಡೇದು, ಒಂದು ಪಶ್ಚಿಮದ ಮೂಲೇದು. ಯಾವುದು ತಗೊಳ್ಳೋಣ, ಹೇಳು. ಅದರ ಜಾತಕ ಬರೆದವಳೇ ನೀನಲ್ವಾ?”

“ಯಾವುದಾದ್ರೂ ತಗೋ ಅಕ್ಕ. ಎಲ್ಲ ಒಂದೇ,” ಎಂದಿದ್ದಳು ತಂಗಿ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವಳ ತಲೆಯಲ್ಲಿ ಆ ಕಟ್ಟಡಕ್ಕೆ ಒಂದೇ ಮಹಡಿ, ಅದಕ್ಕೆ ನಾಲ್ಕೇ ಕೋಣೆ. ಭಾವ ದಿಗಂತ ಕಾಣುತ್ತದೆಂದು ಮೂಲೆಯ ಮನೆ ಆರಿಸಿದರು.

ಅಲ್ಲಿ ವರ್ಷವೊಂದು ಸುಖವಾಗಿ ಕಳೆಯಿತು. ಆಮೇಲೆ ಭಾವನಿಗೆ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಯಿತು, ಮಾತೂ ಹೋಯಿತು. ಎಂಟು ತಿಂಗಳ ಆರೈಕೆಯಲ್ಲಿ ಹತ್ತು ಹನ್ನೆರಡು ಮಾತು ಮರಳಿ ಬಂದಿದ್ದವು: ‘ಹೂಂ’, ‘ಬೇಡ’, ‘ನೀರು’, ‘ಪುಟ್ಟಿ’, ಇಂಥವು. ಹಗಲೆಲ್ಲ ಪಶ್ಚಿಮದ ಚಿಕ್ಕ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿ ಹೊರಗೆ ನೋಡುತ್ತಿದ್ದರು. ಏಸಿ ಗಾಳಿ ಬಿದ್ದರೆ ಸೋತ ಕೈಕಾಲು ಸೆಡೆಯುತ್ತಿದ್ದುದರಿಂದ ಆ ಕೋಣೆಗೆ ಏಸಿ ಹಾಕಿಸಿರಲಿಲ್ಲ. ಎಡಗೈಯ ಸನ್ನೆಯಲ್ಲೇ ಅಕ್ಕನಿಗೆ ಹೇಳಿಕೊಟ್ಟು, ಪರದೆಗೆ ಒಂದು ದಾರ, ಎರಡು ಸಣ್ಣ ರಾಟೆ ಕಟ್ಟಿಸಿಕೊಂಡಿದ್ದರು. ಮಲಗಿದಲ್ಲಿಂದಲೇ ಪರದೆ ತೆರೆಯಬಹುದು, ಮುಚ್ಚಬಹುದು. ಅದೊಂದನ್ನು ಅವರು ಯಾರ ಕೈಗೂ ಬಿಟ್ಟುಕೊಡುತ್ತಿರಲಿಲ್ಲ.

ಆ ಮೊದಲ ಫೋನು ಬಂದ ಹದಿನೇಳನೇ ದಿನ, ಮಧ್ಯಾಹ್ನ ಎರಡು ಗಂಟೆಗೆ, ಅಕ್ಕ ಮತ್ತೆ ಫೋನ್ ಮಾಡಿದಳು. ಈ ಸಲ ಆಸ್ಪತ್ರೆಯಿಂದ. ದನಿಯಲ್ಲಿ ಅಳುವಿರಲಿಲ್ಲ, ಒಣಗಿಹೋಗಿತ್ತು.

“ಮೈ ಕಾದ ಹೆಂಚಿನ ಹಾಗಿತ್ತು ಕಣೇ. ಎಷ್ಟು ಅಲ್ಲಾಡಿಸಿದ್ರೂ ಕಣ್ಣು ಬಿಡ್ಲಿಲ್ಲ.”

ಆ ಬೆಳಗ್ಗೆ ಅಕ್ಕ ಪರದೆ ಎಳೆದು, ಪಕ್ಕದಲ್ಲಿ ನೀರಿಟ್ಟು, ಹೊಲಿದ ಬಟ್ಟೆಯ ಗಂಟು ಹೊತ್ತು ಶಾಲೆಗೆ ಹೋಗಿದ್ದಳು. ಅಳತೆ ಸರಿ ಬಾರದ ನಾಲ್ಕು ಅಂಗಿಗಳನ್ನು ಅಲ್ಲೇ ಬಿಚ್ಚಿ ಹೊಲಿಯಬೇಕಾಗಿ ಬಂದು ಮಧ್ಯಾಹ್ನ ಒಂದು ಗಂಟೆಯಾಯಿತು. ಮರಳಿ ಬಂದಾಗ ಪರದೆ ಪೂರ್ತಿ ತೆರೆದಿತ್ತು. ದಾರ ಭಾವನ ಎಡಗೈಗೆ ಸುತ್ತಿಕೊಂಡಿತ್ತು. ನೀರಿನ ಬಾಟಲಿ ಮಂಚದ ಕೆಳಗೆ ಉರುಳಿತ್ತು.

ವಾರ್ಡಿನ ವೈದ್ಯೆ ಹೀಟ್ ಸ್ಟ್ರೋಕ್ ಎಂದಳು. “ಬಿಸಿಲಲ್ಲಿ ಎಲ್ಲಾದ್ರೂ ಕೂರಿಸಿದ್ರಾ?” ಎಂದು ಕೇಳಿದಳು.

“ಮನೆ ಒಳಗೇ ಇದ್ರು,” ಎಂದಳು ಅಕ್ಕ. “ಮಂಚದ ಮೇಲೆ.”

ವೈದ್ಯೆ ತಲೆಯೆತ್ತಿ ಅಕ್ಕನ ಮುಖ ನೋಡಿದಳು. ಕಾಯಿಲೆಯ ಗಂಡನನ್ನು ಬಿಟ್ಟು ಎಲ್ಲಿಗೋ ಹೋದವಳು ಎಂಬ ಅನುಮಾನ ಆ ನೋಟದಲ್ಲಿತ್ತು. ಅಕ್ಕ ತಲೆ ತಗ್ಗಿಸಿದಳು. ತಂಗಿ ಪಕ್ಕದಲ್ಲೇ ನಿಂತಿದ್ದಳು. ತಪ್ಪು ಇವಳದಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ.

ಭಾವ ಬದುಕಿದರು. ಆರು ದಿನದ ಮೇಲೆ ಮನೆಗೆ ಕಳಿಸಿದರು. ಆದರೆ ಎಂಟು ತಿಂಗಳಲ್ಲಿ ಒಂದೊಂದಾಗಿ ಹೆಕ್ಕಿ ತಂದಿದ್ದ ಮಾತುಗಳೆಲ್ಲ ಹೋಗಿ ‘ಬೇಡ’ ಒಂದು ಉಳಿದಿತ್ತು. ಹಸಿವಾದರೂ ಬೇಡ, ಬಾಯಾರಿದರೂ ಬೇಡ.

ಅವರನ್ನು ಮನೆಗೆ ತರುವ ಮೊದಲೇ ಅಕ್ಕನೂ ತಂಗಿಯೂ ಸೇರಿ ಮಂಚವನ್ನು ಹಜಾರಕ್ಕೆ ಎಳೆದರು. ತಂಗಿ ರಜೆ ಹಾಕಿ, ಖಾಲಿಯಾದ ಕೋಣೆಯಲ್ಲಿ ತಾಪಮಾನ ಬರೆದಿಡುವ ಪುಟ್ಟ ಯಂತ್ರವನ್ನು ನೇತುಹಾಕಿ ತಾನೂ ಅಲ್ಲೇ ಕೂತಳು. ಒಂಬತ್ತು ಹತ್ತಕ್ಕೆ ಎದುರಿನ ಗಾಜಿನ ಮೇಲೆ ಬೆಳಕಿನ ಒಂದು ಗೆರೆ ಮೂಡಿತು. ಐದೇ ನಿಮಿಷದಲ್ಲಿ ಅದು ಅಗಲವಾಗಿ ಕೋಣೆಯೊಳಗೆ ಬಂದು ಮಂಚವಿದ್ದ ಜಾಗದಲ್ಲಿ ಕೂತಿತು. ಕಣ್ಣು ಬಿಡಲಾಗಲಿಲ್ಲ. ಹತ್ತೂವರೆಗೆ ಯಂತ್ರ ನಲವತ್ತೊಂದು ತೋರಿಸಿತು. ಮಧ್ಯಾಹ್ನ ತುಸು ಇಳಿದು, ಮೂರಕ್ಕೆ ನೇರ ಬಿಸಿಲು ಬಂದು ಮತ್ತೆ ಏರಿತು. ಸಂಜೆಯವರೆಗೂ ಗೋಡೆ ಬಿಸಿ. ನಾಲ್ಕು ವರ್ಷದ ಹಿಂದೆ ಪಟ್ಟಿಯ ಕೆಳಗೆ ಕಂಡ ಆ ಸಾಲು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅವಳ ಲೆಕ್ಕ ಸರಿಯಾಗಿತ್ತು.

ಮಾರನೆಯ ದಿನ ಅವಳು ಅದೇ ಮೂಲೆಯ ಮೇಲಿನ ಕೆಳಗಿನ ಮನೆಗಳ ಬಾಗಿಲು ತಟ್ಟಿದಳು. ಒಳಬಾಗಿದ ಗಾಜು ಬೆಳಕನ್ನು ಇಪ್ಪತ್ತೆರಡರಿಂದ ಮೂವತ್ತನೇ ಮಹಡಿಯವರೆಗೆ ಎಸೆಯುತ್ತಿತ್ತು. ಒಟ್ಟು ಒಂಬತ್ತು ಮನೆ. ಇಪ್ಪತ್ನಾಲ್ಕರಲ್ಲಿ ಕಿಟಕಿಗೆ ರಟ್ಟು ಅಂಟಿಸಿದ್ದರು. ಇಪ್ಪತ್ತೇಳರಲ್ಲಿ ಕಂಬಳಿ ಇಳಿಬಿಟ್ಟಿದ್ದರು. ಇಪ್ಪತ್ತೈದರಲ್ಲಿ ಹೊಸ ಬಾಣಂತಿಯೊಬ್ಬಳು ಮಗುವಿನ ಬೆನ್ನು ತೋರಿಸಿದಳು. ಬೆವರುಸಾಲೆಯಿಂದ ಕೆಂಪಾಗಿತ್ತು.

“ಡಾಕ್ಟರು ಪೌಡರ್ ಬದಲಾಯಿಸಿ ಅಂದ್ರು. ಮೂರು ಸಲ ಬದಲಾಯಿಸಿದ್ವಿ,” ಎಂದಳು ಆಕೆ. “ನಮ್ಮ ಮನೆ ಮಾತ್ರ ಹೀಗೆ ಅಂದ್ಕೊಂಡಿದ್ವಿ. ಯಾರ ಹತ್ರ ಹೇಳೋದು? ಹಸಿರು ಕಟ್ಟಡ ಅಂತ ಕೆಳಗೆ ಫಲಕ ಬೇರೆ ಹಾಕಿದಾರೆ. ಹೇಳಿದ್ರೆ ನಗ್ತಾರೆ.”

ಮೂವತ್ತನೇ ಮಹಡಿಯಲ್ಲಿದ್ದ ನಿವೃತ್ತ ಮೇಷ್ಟ್ರು ಬಾಗಿಲು ಅರ್ಧ ತೆರೆದು, “ನೀವು ಯಾವ ಕಂಪನಿಯವರು? ಏಸಿ ಮಾರೋಕೆ ಬಂದಿದೀರಾ?” ಎಂದರು.

“ಇಲ್ಲ ಸರ್. ಈ ಕಟ್ಟಡದ ಲೆಕ್ಕ ಹಾಕಿದವಳು ನಾನು.”

“ಹಾಗಾದ್ರೆ ಒಳಗೆ ಬನ್ನಿ,” ಎಂದು ಅವರು ಪೂರ್ತಿ ತೆರೆದರು. “ಈಗ ಸರಿಯಾಗಿ ಹತ್ತು ಗಂಟೆ. ಆ ಕುರ್ಚೀಲಿ ಕೂತ್ಕೊಳ್ಳಿ.” ಅವಳು ಕೂತಳು. ಅವರು ಎದುರಿಗೆ ನಿಂತಿದ್ದರು. ಕಾಲು ಗಂಟೆಯಾದ ಮೇಲೆ ಒಂದು ಲೋಟ ನೀರು ತಂದುಕೊಟ್ಟರು.

ಕಚೇರಿಗೆ ಮರಳಿ ಅವಳು ಮಾದರಿಯನ್ನು ಮೊದಲಿಂದ ಕಟ್ಟಿದಳು, ಒಂಬತ್ತು ಮಹಡಿ, ಬಿಡಿ ಬಿಡಿ ಕೋಣೆ, ಎದುರಿಗೆ ನಿಜವಾದ ಗಾಜು. ಉತ್ತರ ಬಂದ ಮೇಲೆ ಯಜಮಾನರ ಮುಂದೆ ಇಟ್ಟಳು. ಕಚೇರಿಯ ಒಡೆಯರನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆಯೇ. ಅವಳಿಗೆ ಈ ಕೆಲಸ ಕಲಿಸಿದವರೂ ಅವರೇ. ಕನ್ನಡಕ ಹಣೆಗೇರಿಸಿ ನಿಧಾನವಾಗಿ ಎಲ್ಲ ಹಾಳೆ ನೋಡಿದರು.

“ಮೊದಲು ನಿಮ್ಮ ಭಾವ ಹೇಗಿದಾರೆ, ಅದು ಹೇಳಿ.”

ಹೇಳಿದಳು.

“ಬೇಜಾರಾಯ್ತು,” ಎಂದರು. ಮತ್ತೆ ಮೊದಲ ಹಾಳೆಗೆ ತಿರುಗಿ, “ಆದ್ರೆ ಇದರಲ್ಲಿ ನಮ್ಮ ತಪ್ಪೇನು? ನಾವು ಕೊಟ್ಟಿದ್ದು ಇಡೀ ಕಟ್ಟಡದ ವರ್ಷದ ಲೆಕ್ಕ. ಎರಡು ವರ್ಷದ ಮೀಟರ್ ನೋಡಿದೀನಿ, ನೂರಕ್ಕೆ ಎರಡರ ಒಳಗೇ ಇದೆ. ಇಷ್ಟು ಹತ್ತಿರ ಬಂದಿದ್ದು ನಮ್ಮ ಕಚೇರೀಲಿ ಇದೊಂದೇ.”

“ಆಗ್ಲೇ ಒಂದ್ಸಲ ಓಡಿಸಿ ನೋಡಿದ್ದೆ ಸರ್. ಆರುನೂರ ಹನ್ನೊಂದು ಗಂಟೆ ಅಂತ ಬಂದಿತ್ತು.”

ಯಜಮಾನರ ಕೈ ಹಾಳೆಯ ಮೇಲೆ ನಿಂತಿತು. “ನನಗೆ ಹೇಳಿದ್ರಾ?”

“ಇಲ್ಲ.”

“ಒಳ್ಳೇದಾಯ್ತು,” ಎಂದವರು ತಕ್ಷಣ ತಲೆಯಲ್ಲಾಡಿಸಿದರು. “ಅಲ್ಲ, ಒಳ್ಳೇದಾಯ್ತು ಅಂತಲ್ಲ. ನೋಡಿ, ಪರದೆ ಹಾಕಿ, ಗಾಜಿಗೆ ಫಿಲ್ಮ್ ಅಂಟಿಸಿ ಅಂತ ಬಾಯಲ್ಲಿ ಹೇಳಿ. ಬೇಕಾದ್ರೆ ನಾನೂ ಬರ್ತೀನಿ. ಬರೆದು ಕೊಡ್ಬೇಡಿ. ಬರೆದ್ರೆ ತಪ್ಪು ಒಪ್ಪಿಕೊಂಡ ಹಾಗೆ. ಇಲ್ಲಿ ಹದಿನಾರು ಜನ ಅನ್ನ ತಿಂತಿದಾರೆ.”

ಅವರು ಗದರಿಸಿ ಹೇಳಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವರ ಕಣ್ಣಲ್ಲಿದ್ದದ್ದು ನಿಜವಾದ ಕಳವಳ. ಹಾಳೆಗಳನ್ನು ಜೋಡಿಸಿಕೊಂಡು ಎದ್ದು ಬಂದಳು.

ಬರೆಯುವ ಮೊದಲು ಅಕ್ಕನಿಗೆ ಹೇಳಬೇಕು ಎಂದು ತೀರ್ಮಾನಿಸಿ ಶನಿವಾರ ಲ್ಯಾಪ್‌ಟಾಪ್ ಹಿಡಿದು ಹೋದಳು. ಹಜಾರದಲ್ಲಿ ಭಾವ ಕಣ್ಣು ಮುಚ್ಚಿ ಮಲಗಿದ್ದರು. ಅಕ್ಕ ಹೊಲಿಗೆ ಕೋಣೆಯಲ್ಲಿ ಕಾಲರು ಕೂಡಿಸುತ್ತಿದ್ದಳು. ತಂಗಿ ಬಟ್ಟೆಯ ರಾಶಿ ಸರಿಸಿ ಕೂತು ಎಲ್ಲವನ್ನೂ ಹೇಳಿದಳು. ಗುಣಿಸಿದ್ದು, ಕರಗಿಸಿದ್ದು, ಪೆಟ್ಟಿಗೆ, ಆ ಒಂದು ಸಾಲು. ಮನೆ ಆರಿಸುವಾಗ ‘ಎಲ್ಲ ಒಂದೇ’ ಎಂದದ್ದು. ಅಕ್ಕ ಮಶೀನು ನಿಲ್ಲಿಸಿ ಕೇಳುತ್ತಿದ್ದಳು. ಕೊನೆಗೆ, “ತೋರ್ಸು,” ಎಂದಳು.

ತಂಗಿ ಹಳೆಯ ಮಾದರಿಯನ್ನು ತೆರೆದಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಬೂದು ಬಣ್ಣದ ಒಂದು ಕಂಬ ನಿಂತಿತು, ನಡುವೆ ಒಂದು ಮಹಡಿ ಮಾತ್ರ ಬಣ್ಣದಲ್ಲಿ.

“ನಮ್ಮ ಮನೆ ಎಲ್ಲಿ?”

“ಬೇರೆ ಮನೆ ಅಂತ ಇಲ್ಲ ಅಕ್ಕ. ಈ ಪಶ್ಚಿಮದ ಪಟ್ಟಿಯಲ್ಲಿ ಎಲ್ಲ ಸೇರಿದೆ.”

“ಜನ?”

“ಜನಾನೂ ಹಾಕಿರ್ತೀವಿ. ಅವರ ಮೈ ಶಾಖಾನೂ ಲೆಕ್ಕಕ್ಕೆ ಬರುತ್ತೆ.” ಒಂದು ಕೋಷ್ಟಕ ತೆರೆದಳು. ತೆರೆದ ಮೇಲೆ ಅವಳಿಗೇ ಮುಚ್ಚಬೇಕೆನಿಸಿತು. ಅಕ್ಕ ಅಷ್ಟರಲ್ಲಿ ಬಗ್ಗಿ ಓದುತ್ತಿದ್ದಳು. ಗಂಟೆಗೊಂದು ಸಂಖ್ಯೆ. ಬೆಳಗ್ಗೆ ಏಳಕ್ಕೆ ಒಂದು, ಎಂಟಕ್ಕೆ ಅರ್ಧ, ಒಂಬತ್ತರಿಂದ ಸಂಜೆ ಐದರವರೆಗೆ ಸೊನ್ನೆ, ಸೊನ್ನೆ, ಸೊನ್ನೆ.

“ಇದೇನು ಸೊನ್ನೆ?”

“ಕೆಲಸದ ದಿನ ಆ ಹೊತ್ತಲ್ಲಿ ಮನೆಲಿ ಯಾರೂ ಇರಲ್ಲ ಅಂತ... ಹಾಗೆ ಹಾಕೋದು ರೂಢಿ.”

“ಯಾರೂ ಇರಲ್ಲ ಅಂತ ನಿನಗೆ ಯಾರು ಹೇಳಿದ್ರು?” ಅಕ್ಕನ ದನಿ ಏರಲಿಲ್ಲ. “ನೀನು ಬೆಳೆದಿದ್ದು ಯಾವ ಮನೇಲಿ? ಒಂಬತ್ತರಿಂದ ಐದರವರೆಗೆ ಆ ಮನೇಲಿ ಯಾರು ಕೂತಿರ್ತಿದ್ರು? ನೀನು ಶಾಲೆಯಿಂದ ಬಂದಾಗ ಬಾಗಿಲು ತೆಗೀತಿದ್ದದ್ದು ಯಾರು? ಸೊನ್ನೆನಾ?”

ತಂಗಿ ಲ್ಯಾಪ್‌ಟಾಪ್ ಮುಚ್ಚಿದಳು.

“ಗಾಜಿನ ಲೆಕ್ಕ ನನಗೆ ತಿಳಿಯಲ್ಲ ಪುಟ್ಟಿ. ಅದನ್ನ ಕ್ಷಮಿಸೋಕೂ ನನಗೆ ಗೊತ್ತಿಲ್ಲ, ಬೈಯೋಕೂ ಗೊತ್ತಿಲ್ಲ. ಆದ್ರೆ ಆಸ್ಪತ್ರೇಲಿ ಆ ಡಾಕ್ಟರು ನನ್ನ ಹಾಗೆ ನೋಡಿದ್ಲಲ್ಲ, ಆಗ ನೀನು ಪಕ್ಕದಲ್ಲೇ ಇದ್ದೆ. ನಿನಗೆ ಗೊತ್ತಿತ್ತು. ಆರು ದಿನ ನಾನು, ನನ್ನಿಂದಲೇ ಹೀಗಾಯ್ತು, ಆ ಅಂಗಿ ಬಿಚ್ಚಿ ಹೊಲಿಯೋಕೆ ಕೂರಬಾರದಿತ್ತು ಅಂತ ಎದೆ ಬಡ್ಕೊಂಡಿದೀನಿ. ನೀನು ಅದನ್ನೂ ನೋಡ್ತಾನೇ ಇದ್ದೆ.”

ಅಷ್ಟು ಹೇಳಿ ಅಕ್ಕ ಮಶೀನಿಗೆ ತಿರುಗಿದಳು. ಸೂಜಿಗೆ ದಾರ ಪೋಣಿಸಲು ಎರಡು ಸಲ ನೋಡಿದಳು. ಆಗಲಿಲ್ಲ. ತಂಗಿ ಕೈ ಚಾಚಿದಾಗ, “ಬಿಡು, ನಾನೇ ಹಾಕ್ಕೋತೀನಿ,” ಎಂದಳು.

ಪತ್ರವನ್ನು ಅವಳು ಅದೇ ವಾರ ಬರೆದಳು. ಎರಡೇ ಪುಟ. ಮಾದರಿಯಲ್ಲಿ ಏನನ್ನು ಕೈಬಿಟ್ಟೆ, ಯಾಕೆ ಕೈಬಿಟ್ಟೆ, ಅದು ನಿಯಮಕ್ಕೆ ಒಳಪಟ್ಟದ್ದೇ ಆದರೂ ಒಂದು ಅಂಕಿಯನ್ನು ನೋಡಿ ಯಾಕೆ ಸುಮ್ಮನಾದೆ, ಯಾವ ಒಂಬತ್ತು ಮನೆಗಳಿಗೆ ಅಪಾಯವಿದೆ, ಏನು ಮಾಡಬೇಕು. ಕೆಳಗೆ ತನ್ನ ಹೆಸರಷ್ಟೇ ಹಾಕಿದಳು, ಕಚೇರಿಯ ಮುದ್ರೆ ಒತ್ತಲಿಲ್ಲ. ನಿವಾಸಿಗಳ ಸಂಘಕ್ಕೆ ಕೊಟ್ಟು, ಒಂದು ಪ್ರತಿಯನ್ನು ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ಕಳಿಸಿ, ಇನ್ನೊಂದನ್ನು ಯಜಮಾನರ ಮೇಜಿನ ಮೇಲೆ ಇಟ್ಟಳು. ಯಜಮಾನರು ಓದಿ ಮಡಚಿ ಖಾನೆಯೊಳಗಿಟ್ಟರು. ಅವಳ ಮುಖ ನೋಡಲಿಲ್ಲ. ಮರುವಾರದಿಂದ ಹೊಸ ಗೋಪುರಗಳು ಬೇರೆಯವರ ಮೇಜಿಗೆ ಹೋದವು. ಹಳೆಯ ಕಡತಗಳ ತಿದ್ದುಪಡಿ ಅವಳ ಪಾಲಿಗೆ ಬಂತು. ‘ಕತ್ತರಿ’ ಎಂದು ಕರೆಯುತ್ತಿದ್ದವರು ‘ಮೇಡಂ’ ಎನ್ನತೊಡಗಿದರು.

ಸಂಘದ ಸಭೆಯಲ್ಲಿ ಗದ್ದಲವಾಯಿತು. ಇನ್ನೂರಕ್ಕೂ ಹೆಚ್ಚು ಮನೆಗಳಲ್ಲಿ ತೊಂದರೆ ಒಂಬತ್ತಕ್ಕೆ. ಉಳಿದವರಿಗೆ ಫಲಕದ ಚಿಂತೆ. “ಇದನ್ನ ಹೊರಗೆ ಬಿಟ್ರೆ ಪ್ರಮಾಣಪತ್ರ ಹೋಗುತ್ತೆ, ನಾಳೆ ಈ ಮನೆಗಳನ್ನ ಯಾರೂ ಮೂಸಿ ನೋಡಲ್ಲ,” ಎಂದು ಒಬ್ಬರು ಎದ್ದು ಕೂಗಿದರು. ಇಪ್ಪತ್ತೈದನೇ ಮಹಡಿಯ ಬಾಣಂತಿ ಮಗುವನ್ನು ಎತ್ತಿಕೊಂಡೇ ಬಂದಿದ್ದಳು. ಮೊದಲ ಸಾಲಿನಲ್ಲಿ ಕೂತಿದ್ದಳು. ಮೇಷ್ಟ್ರು ಮಾತ್ರ ಕೂಗಿದವರನ್ನು ಮರುದಿನ ಹತ್ತು ಗಂಟೆಗೆ ತಮ್ಮ ಮನೆಯ ಕುರ್ಚಿಗೆ ಕರೆದರು. ನಾಲ್ಕು ಜನ ಹೋದರು. ಅವರಲ್ಲಿ ಇಬ್ಬರು ಮುಂದಿನ ಸಭೆಯಲ್ಲಿ ವಿರೋಧಿಸಲಿಲ್ಲ, ಒಂಬತ್ತು ಕಿಟಕಿಗಳಿಗೆ ಸಂಘದಿಂದಲೇ ಮರೆ ಹಾಕಿಸುವ ನಿರ್ಣಯಕ್ಕೆ ಅಷ್ಟೇ ಸಾಕಾಯಿತು.

ಪ್ರಮಾಣಪತ್ರ ಹೋಗಲಿಲ್ಲ. ಸಂಸ್ಥೆಯವರು ಒಂದು ಪ್ಯಾರಾದ ಉತ್ತರ ಬರೆದರು: ಸಲ್ಲಿಸಿದ ಮಾದರಿ ನಿಯಮಕ್ಕೆ ಅನುಗುಣವಾಗಿದೆ, ತಮ್ಮ ಅವಲೋಕನವನ್ನು ಗಮನಿಸಲಾಗಿದೆ. ಎದುರಿನ ಕಟ್ಟಡದವರು ತಮ್ಮ ಗಾಜು ಮಂಜೂರಾದ ಗಾಜೇ ಎಂದು ಕೈತೊಳೆದುಕೊಂಡರು. ಹತ್ತು ತಿಂಗಳ ಓಡಾಟದ ನಂತರ ಒಂಬತ್ತು ಕಿಟಕಿಗಳ ಹೊರಗೆ ಓರೆಯಾದ ಲೋಹದ ಪಟ್ಟಿಗಳ ಮರೆ ಬಂತು. ಈಗ ಬೆಳಗ್ಗೆ ಆ ಕೋಣೆಗಳಲ್ಲಿ ಮೂವತ್ತೆರಡರ ಮೇಲೆ ಹೋಗುವುದಿಲ್ಲ. ಎದುರಿನ ಕಟ್ಟಡದ ಪಕ್ಕದಲ್ಲಿ ಉಳಿದಿದ್ದ ದಿಗಂತವೂ ಕಾಣುವುದಿಲ್ಲ. ಭಾವನನ್ನು ಆ ಕೋಣೆಗೆ ಮರಳಿ ಒಯ್ಯಲು ನೋಡಿದಾಗ ಅವರು ಪಟ್ಟಿಗಳ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು. ಹಜಾರದಲ್ಲೇ ಉಳಿದರು.

ತಂಗಿ ಈಗ ಹಳೆಯ ಕಡತಗಳ ತಿದ್ದುಪಡಿ ಮಾಡುವಾಗ ಪ್ರತಿಯೊಂದಕ್ಕೂ ಕೊನೆಯಲ್ಲಿ ಒಂದು ಹಾಳೆ ಸೇರಿಸುತ್ತಾಳೆ. ಕಟ್ಟಡದ ಅತಿ ಬಿಸಿಯಾದ ಕೋಣೆ ಯಾವುದು, ಎಷ್ಟು ಗಂಟೆ, ಹಗಲು ಪೂರ್ತಿ ಅದರಲ್ಲಿ ಒಬ್ಬರು ಮಲಗಿದ್ದರೆ ಏನಾಗುತ್ತದೆ. ಯಾರೂ ಕೇಳದ ಹಾಳೆ ಅದು. ಯಜಮಾನರು ತೆಗೆಯಿರಿ ಎನ್ನುವುದಿಲ್ಲ, ಇರಲಿ ಎಂದೂ ಹೇಳಿಲ್ಲ. ಗಿರಾಕಿಗಳು ಅಷ್ಟು ದೂರ ಪುಟ ತಿರುಗಿಸಿದಂತೆ ಕಾಣುವುದಿಲ್ಲ.

ಅಕ್ಕ ಮಾತು ಬಿಟ್ಟಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ, ಊಟಕ್ಕೆ ಬಡಿಸುತ್ತಾಳೆ. ತಮಾಷೆ ಮಾತ್ರ ಮಾಡುವುದಿಲ್ಲ. ತಂಗಿ ಶನಿವಾರದ ಅರ್ಧ ದಿನದ ರಜೆಯನ್ನು ಖಾಯಂ ಮಾಡಿಸಿಕೊಂಡಿದ್ದಾಳೆ. ಒಂಬತ್ತಕ್ಕೆ ಅವಳು ಬರುತ್ತಾಳೆ, ಅಕ್ಕ ಬಟ್ಟೆಯ ಗಂಟು ಎತ್ತಿಕೊಂಡು ಶಾಲೆಗಳಿಗೆ ಹೋಗುತ್ತಾಳೆ. ಹೋಗುವಾಗ, “ಹನ್ನೊಂದಕ್ಕೆ ಮಾತ್ರೆ, ಮರೀಬೇಡ,” ಎಂದಷ್ಟೇ ಹೇಳುತ್ತಾಳೆ.

ಹೋದ ಶನಿವಾರವೂ ಹಾಗೇ. ತಂಗಿ ಭಾವನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಮೆತ್ತಗೆ ಬೇಯಿಸಿದ ಅನ್ನವನ್ನು ಚಮಚದಲ್ಲಿ ಬಾಯಿಯ ಹತ್ತಿರ ಹಿಡಿದಳು.

“ಬೇಡ,” ಎಂದರು ಭಾವ.

ಚಮಚ ಕೆಳಗಿಟ್ಟು ಸ್ವಲ್ಪ ಹೊತ್ತು ಕಾದಳು. ಮತ್ತೆ ಹಿಡಿದಳು. “ಬೇಡ,” ಎಂದರು. ಮೂರನೇ ಸಲ ಬೇಡ ಎನ್ನುತ್ತಲೇ ಬಾಯಿ ತೆರೆದರು. ಒಂದು ತುತ್ತು ಒಳಗೆ ಹೋಯಿತು. ಅವರು ಅಗಿದು ನುಂಗುವವರೆಗೆ ಅವಳು ಕಾದು, ಗಲ್ಲಕ್ಕೆ ಅಂಟಿದ ಅಗುಳನ್ನು ಒರೆಸಿದಳು. ಬಟ್ಟಲಿನಲ್ಲಿ ಇನ್ನೂ ಮುಕ್ಕಾಲು ಪಾಲು ಉಳಿದಿತ್ತು. ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.